ಬ್ಯಾಟರಿ ಪ್ರೆಶರ್ ವಾಷರ್: ಬಕೆಟ್‌ನಿಂದ ನೀರು ಬಿಟ್ಟು ಬಿಟ್ಟು ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಂತೇ ಹೋಗುತ್ತದೆ

ಕರಾವಳಿಮನೆ:
ಮಂಗಳೂರಿನಲ್ಲಿ ನಮ್ಮ ಮನೆಯ ಮೇಲ್ಮಹಡಿಯನ್ನೂ ಹಿತ್ತಲಿನ ಎರಡು ಸಣ್ಣ ಮನೆಗಳನ್ನೂ ಬಾಡಿಗೆಗೆ ಕೊಟ್ಟಿದ್ದೇವೆ. ಮಳೆಗಾಲ ಮುಗಿಯುವಾಗ ಹೊರಮೆಟ್ಟಿಲು, ತಾರಸಿ, ಇಂಟರ್‌ಲಾಕ್ ಹಾಕಿದ ಅಂಗಳ ಎಲ್ಲವೂ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತವೆ. ಈಗ ಮೇಲ್ಮಹಡಿ ಖಾಲಿಯಾಗಿದೆ, ಹೊಸಬರು ಬರುವ ಮೊದಲು ಎಲ್ಲವನ್ನೂ ತೊಳೆಯಬೇಕು.

ತಾರಸಿಯಲ್ಲಿ ಪ್ಲಗ್ ಇಲ್ಲ. ಹಿತ್ತಲಿನವರ ಮನೆಯಿಂದ ವಯರ್ ಎಳೆಯೋಣವೆಂದರೆ ಗೃಹಜ್ಯೋತಿಯ ಲೆಕ್ಕ ಅಡ್ಡ ಬರುತ್ತದೆ. ಯೂನಿಟ್ ಮಿತಿ ದಾಟಿದರೆ ಬಿಲ್ ಯಾರು ಕಟ್ಟುವುದು ಎಂದು ಅವರು ಕೇಳಿದ್ದು ನ್ಯಾಯವೇ. ಹಾಗಾಗಿ ಬ್ಯಾಟರಿಯಲ್ಲಿ ನಡೆಯುವ ಗನ್ ಮಾದರಿಯ ವಾಷರ್ ತೆಗೆದುಕೊಂಡೆ. ಬ್ಯಾಟರಿಯ ಮೇಲೆ 48 ವೋಲ್ಟ್ ಎಂದು ಬರೆದಿದೆ.

ತೊಂದರೆ ಎರಡು. ಬಕೆಟ್‌ಗೆ ಪೈಪ್ ಇಳಿಬಿಟ್ಟರೆ ನೀರು ಒಮ್ಮೆ ಜೋರಾಗಿ, ಒಮ್ಮೆ ಉಗುಳಿದ ಹಾಗೆ ಬರುತ್ತದೆ, ಅದರ ಜೊತೆಗೆ ಮೋಟಾರಿನ ಶಬ್ದವೂ ಏರಿಳಿಯುತ್ತದೆ. ಐದಾರು ನಿಮಿಷದೊಳಗೆ ಎಲ್ಲವೂ ನಿಲ್ಲುತ್ತದೆ, ಆದರೆ ಬ್ಯಾಟರಿಯಲ್ಲಿ ಇನ್ನೂ ಎರಡು ದೀಪ ಉರಿಯುತ್ತಿರುತ್ತವೆ. ಪಂಪ್ ಹೋಗಿದೆ, ಬದಲಿಸಬೇಕು ಎನ್ನುತ್ತಾನೆ ಅಂಗಡಿಯವನು. ಅವನು ಹೇಳುವ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸತೇ ಬರುತ್ತದೆ.

ಸ್ಪ್ಯಾನರ್ ಶಿವಮೊಗ್ಗ:
ಪಂಪಿಗೆ ಈಗಲೇ ಕೈ ಹಾಕಬೇಡಿ. ಮೊದಲು ಮೂರು ವಿಷಯ ತಿಳಿಸಿ. ಬಕೆಟ್ ಬಿಟ್ಟು ತಾರಸಿ ಟ್ಯಾಂಕಿನ ನಲ್ಲಿಗೆ ಪೈಪ್ ಜೋಡಿಸಿದರೆ ಹೇಗೆ ನಡೆಯುತ್ತದೆ? ಚಾರ್ಜರ್ ಮೇಲೆ ಔಟ್‌ಪುಟ್ ಎಷ್ಟು ವೋಲ್ಟ್ ಎಂದಿದೆ? ನಿಂತ ಕೂಡಲೇ ಬ್ಯಾಟರಿ ಮುಟ್ಟಿ ನೋಡಿದರೆ ಎಷ್ಟು ಬಿಸಿ ಇದೆ? ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಬ್ಯಾಟರಿಯ ತೂಕವನ್ನೂ ನೋಡಿ ಹೇಳಿ.

ಕರಾವಳಿಮನೆ:
ಕೆಳಗಿನ ಅಂಗಳದ ನಲ್ಲಿಗೆ ಜೋಡಿಸಿದರೆ ನೀರು ಒಂದೇ ಸಮನೆ ಬರುತ್ತದೆ, ತಕರಾರೇ ಇಲ್ಲ. ಚಾರ್ಜರ್ ಮೇಲೆ 21 ವೋಲ್ಟ್ ಎಂದಿದೆ. ಬ್ಯಾಟರಿ ಕೈಯಲ್ಲಿ ಹಿಡಿಯಲು ಕಷ್ಟವಾಗುವಷ್ಟು ಬಿಸಿಯಾಗುತ್ತದೆ. ತೂಕ 350 ಗ್ರಾಂ ಆಸುಪಾಸು.

ಸ್ಪ್ಯಾನರ್ ಶಿವಮೊಗ್ಗ:
ಹಾಗಾದರೆ ಪಂಪ್ ಚೆನ್ನಾಗಿದೆ. ಪಂಪಿನ ವಾಲ್ವ್ ಹೋಗಿದ್ದರೆ ನಲ್ಲಿಗೆ ಜೋಡಿಸಿದಾಗಲೂ ಹಾಗೆಯೇ ಉಗುಳುತ್ತಿತ್ತು.

ನಲ್ಲಿಯಲ್ಲಿ ತಾರಸಿ ಟ್ಯಾಂಕಿನ ನೀರು ತಾನೇ ಒತ್ತಿಕೊಂಡು ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಬಕೆಟ್‌ನಲ್ಲಿ ಹಾಗಲ್ಲ, ಪಂಪೇ ಎಳೆದುಕೊಳ್ಳಬೇಕು. ಎಳೆಯುವ ದಾರಿಯಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ನೀರಿನ ಬದಲು ಗಾಳಿ ನುಗ್ಗುತ್ತದೆ, ಏಕೆಂದರೆ ಗಾಳಿ ಹಗುರ. ನಿಮ್ಮ ಗನ್ ಉಗುಳುತ್ತಿರುವುದು ಅದನ್ನೇ.

ಸಂದು ಎಲ್ಲಿದೆ ಎಂದು ಹುಡುಕಲು ಗಾಳಿಯನ್ನು ಹಿಂಬಾಲಿಸಬೇಕಾಗಿಲ್ಲ. ಪೈಪನ್ನು ನಲ್ಲಿಗೆ ಜೋಡಿಸಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಗನ್ನಿನ ಗುಂಡಿ ಒತ್ತದೆ ಸುಮ್ಮನೆ ಬಿಡಿ. ಜೋಡಣೆಗಳನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ಕಾಯಿರಿ. ಎಲ್ಲಿ ಹನಿ ಮೂಡುತ್ತದೋ ಬಕೆಟ್‌ನಿಂದ ಎಳೆಯುವಾಗ ಗಾಳಿ ಒಳಗೆ ಹೋಗುವುದೂ ಅಲ್ಲಿಂದಲೇ. ಬಹುಪಾಲು ಸಲ ಅದು ಗನ್ನಿಗೆ ಸಿಕ್ಕಿಸುವ ಕ್ವಿಕ್ ಕನೆಕ್ಟರ್ ಆಗಿರುತ್ತದೆ. ಒಳಗಿನ ಓ-ರಿಂಗ್ ತೆಗೆದು ಬೆಳಕಿಗೆ ಹಿಡಿಯಿರಿ. ದುಂಡಗಿರಬೇಕಾದ ರಬ್ಬರ್ ಒಂದು ಬದಿಯಲ್ಲಿ ಚಪ್ಪಟೆಯಾಗಿದ್ದರೆ ಅದೇ ಕಳ್ಳ. ಪಂಪ್‌ಸೆಟ್ ಬಿಡಿಭಾಗದ ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋದರೆ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ ಕೂರಿಸಿ. ವ್ಯಾಸಲೀನ್ ಹಚ್ಚಬೇಡಿ, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ.

ಬಕೆಟ್ ಗನ್ನಿಗಿಂತ ಎತ್ತರದಲ್ಲಿರಲಿ, ಒಂದು ಸ್ಟೂಲ್ ಸಾಕು. ಪೈಪಿನೊಳಗೆ ಮೊದಲೇ ನೀರು ತುಂಬಿಸಿಕೊಂಡು ಶುರುಮಾಡಿ. ಫಿಲ್ಟರ್ ತೇಲದ ಹಾಗೆ ಅದಕ್ಕೊಂದು ಕಲ್ಲು ಕಟ್ಟಿ.

ಇನ್ನು ಬ್ಯಾಟರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ 48 ವೋಲ್ಟಿನ ಚೀಟಿ ಅಂಥದ್ದು. ಲಿಥಿಯಂ-ಅಯಾನ್ ಸೆಲ್ ಒಂದು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಚಾರ್ಜರ್ 21 ವೋಲ್ಟ್ ಎಂದರೆ ಒಳಗೆ ಐದು ಸೆಲ್ಲಿನ ಸಾಲು, ಕೆಲಸದ ವೋಲ್ಟೇಜ್ 18. ಮಾಮೂಲಿ 18650 ಸೆಲ್ ಒಂದಕ್ಕೆ ಸುಮಾರು 45 ಗ್ರಾಂ. ಕವಚ ಸೇರಿ 350 ಗ್ರಾಂ ಎಂದರೆ ನಿಮ್ಮಲ್ಲಿರುವುದು ಒಂದೇ ಸಾಲು. ಅದನ್ನು 2 ಆಂಪಿಯರ್-ಅವರ್ ಎಂದೇ ಹಿಡಿಯೋಣ: 18 ಗುಣಿಸು 2, ಅಂದರೆ 36 ವ್ಯಾಟ್-ಅವರ್. ಇಂಥ ಮೋಟಾರ್ 250 ವ್ಯಾಟ್ ಎಳೆದರೆ ಒಂಬತ್ತು ನಿಮಿಷವೂ ಬಾರದು. ಗಾಳಿ ಎಳೆದು ಏರಿಳಿಯುವಾಗ ವ್ಯರ್ಥವಾಗುವುದು ಬೇರೆ.

250 ವ್ಯಾಟ್ ಎಂದರೆ ಹೆಚ್ಚುಕಡಿಮೆ 14 ಆಂಪಿಯರ್. ಒಂದೇ ಸಾಲಿನ ಅಗ್ಗದ ಸೆಲ್‌ಗಳಿಗೆ ಅದು ಭಾರ. ಅವುಗಳಲ್ಲಿ ದುರ್ಬಲವಾದದ್ದು ಮೊದಲು ಕುಸಿಯುತ್ತದೆ, ರಕ್ಷಣಾ ಸರ್ಕ್ಯೂಟ್ ಎಲ್ಲವನ್ನೂ ನಿಲ್ಲಿಸುತ್ತದೆ. ಭಾರ ಇಳಿದ ಮೇಲೆ ವೋಲ್ಟೇಜ್ ಮತ್ತೆ ಏರುವುದರಿಂದ ಎರಡು ದೀಪ ಉರಿಯುತ್ತವೆ. ಆ ದೀಪಗಳನ್ನು ನಂಬಬೇಡಿ. ಬಿಸಿ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕಬೇಡಿ, ತಾರಸಿಯ ಬಿಸಿಲಿನಲ್ಲಂತೂ ಇಡಲೇಬೇಡಿ.

ಜಯನಗರ ಮಹಡಿ:
ನನಗನ್ನಿಸುವುದನ್ನು ನೇರವಾಗಿ ಹೇಳುತ್ತೇನೆ: ಪಾಚಿಗೆ ಈ ಯಂತ್ರ ಸಾಲದು. ಗನ್ ಮಾದರಿಯವುಗಳ ಒತ್ತಡ 20ರಿಂದ 25 ಬಾರ್. ವಯರ್ ಇರುವ ಮನೆಬಳಕೆಯ ವಾಷರ್ 100 ಬಾರ್ ದಾಟುತ್ತದೆ. ಒಂದು ಗಂಟೆ ಓಡಿಸಿದರೂ ಆಗುವುದು ಒಂದೂವರೆ-ಎರಡು ಯೂನಿಟ್ ಅಷ್ಟೇ. ಬಾಡಿಗೆದಾರರಿಗೆ ಆ ದುಡ್ಡು ಕೈಗೆ ಕೊಟ್ಟು ಮುಗಿಸಬಹುದಿತ್ತು.

ಬೆಂಗಳೂರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಬಿಡುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಅಂದಿನಿಂದ ನಾನು ವಾಷಿಂಗ್ ಮೆಷಿನ್ನಿನ ಕೊನೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮೆಟ್ಟಿಲು ತೊಳೆಯುತ್ತೇನೆ. ಅದರಲ್ಲಿ ಬಟ್ಟೆಯ ನೂಲು ಇರುತ್ತದೆ. ಫಿಲ್ಟರಿಗೆ ಹಳೆಯ ಪಂಚೆಯ ತುಂಡು ಸುತ್ತದಿದ್ದರೆ ಬೇಗ ಕಟ್ಟಿಕೊಳ್ಳುತ್ತದೆ.

ಸ್ಪ್ಯಾನರ್ ಶಿವಮೊಗ್ಗ:
ಜಯನಗರದವರ ಲೆಕ್ಕ ಸರಿ. ಆದರೆ 100 ಬಾರ್ ಎಲ್ಲ ಕಡೆಗೂ ಬೇಕಾಗಿಲ್ಲ. ಖಾಲಿ ಮನೆಯ ಸೊಳ್ಳೆಪರದೆ, ಅಲ್ಯೂಮಿನಿಯಂ ಕಿಟಕಿಯ ಜಾರುಹಳಿ, ಬಾಲ್ಕನಿಯ ಸರಳು, ಎಸಿಯ ಹೊರಗಿನ ಪೆಟ್ಟಿಗೆ ಇವಕ್ಕೆಲ್ಲ ಈ ಸಣ್ಣದೇ ಒಳ್ಳೆಯದು. ಎಸಿಯ ಹಿಂದಿನ ತೆಳು ರೆಕ್ಕೆಗಳು ದೊಡ್ಡ ಯಂತ್ರದ ಹೊಡೆತಕ್ಕೆ ಮಡಚಿಕೊಳ್ಳುತ್ತವೆ. ಅಲ್ಲಿ ಅಗಲಕ್ಕೆ ಹರಡುವ ನಾಝಲ್ ಹಾಕಿ ದೂರದಿಂದಲೇ ತೊಳೆಯಿರಿ. ಮೊದಲು ಎಸಿಯ ಮೇನ್ ಆಫ್ ಆಗಿರಲಿ.

ಕರಾವಳಿಮನೆ:
ಕನೆಕ್ಟರಿನಲ್ಲೇ ಹನಿ ಮೂಡಿತು! ಓ-ರಿಂಗ್ ಒಂದು ಬದಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿತ್ತು. ಹೊಸದು ಹಾಕಿದೆ, ಬಕೆಟ್ ಸ್ಟೂಲ್ ಮೇಲಿಟ್ಟೆ, ಈಗ ಉಗುಳುವುದು ನಿಂತಿದೆ. ಪರದೆಗಳು, ಕಿಟಕಿಗಳು ಚೆನ್ನಾಗಿ ಬಂದವು. ಮೆಟ್ಟಿಲಿನ ಪಾಚಿ ಮಾತ್ರ ಜಗ್ಗುವುದಿಲ್ಲ. ಬ್ಲೀಚಿಂಗ್ ಪುಡಿಯನ್ನು ಬಕೆಟ್‌ನಲ್ಲೇ ಕಲಸಿ ಗನ್ನಿನಿಂದ ಹೊಡೆಯಬಹುದೇ?

ಬಣ್ಣದ ಕೆಲಸ ಉಡುಪಿ:
ಬೇಡ. ಕರಗದೆ ಉಳಿದ ಸುಣ್ಣ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ, ಕ್ಲೋರಿನ್ ಪಂಪಿನ ರಬ್ಬರುಗಳನ್ನು ತಿನ್ನುತ್ತದೆ. ಪುಡಿಯನ್ನು ಬೇರೆ ಬಕೆಟ್‌ನಲ್ಲಿ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನು ಮೆಟ್ಟಿಲಿನ ಮೇಲೆ ಸುರಿಯಿರಿ. ಕಾಲು ಗಂಟೆ ಬಿಟ್ಟು ಹಿಡಿಸೂಡಿಯಿಂದ ಉಜ್ಜಿ. ಪಾಚಿ ಹಸಿರು ಕಳೆದುಕೊಂಡು ಸಡಿಲವಾಗುತ್ತದೆ, ಆಮೇಲೆ ನಿಮ್ಮ ಗನ್ನಿನ ಒತ್ತಡವೇ ಸಾಕು. ಪಾಚಿ ಕೊಲ್ಲುವುದು ಮದ್ದು, ಯಂತ್ರ ಬರೀ ತೊಳೆದು ಹಾಕುತ್ತದೆ. ಕೈಗೆ ಗ್ಲೌಸ್ ಇರಲಿ. ಕಕ್ಕಸು ತೊಳೆಯುವ ಆ್ಯಸಿಡ್ ಬಳಸಿದ ಜಾಗಕ್ಕೆ ಬ್ಲೀಚಿಂಗ್ ತಾಗಲೇಬಾರದು, ವಿಷಗಾಳಿ ಏಳುತ್ತದೆ. ತೊಳೆದ ನೀರು ಬಾವಿ ಕಡೆ, ಗಿಡಗಳ ಕಡೆ ಹರಿಯದ ಹಾಗೆ ನೋಡಿಕೊಳ್ಳಿ.

ಇಂಟರ್‌ಲಾಕ್‌ನಲ್ಲಿ ನೀರನ್ನು ಸಂದಿಗೆ ನೇರ ಹೊಡೆದರೆ ಮರಳು ಎದ್ದು ಕಲ್ಲು ಅಲುಗಾಡಲು ಶುರುವಾಗುತ್ತದೆ. ಓರೆಯಾಗಿ ಹಿಡಿಯಿರಿ, ಒಣಗಿದ ಮೇಲೆ ಸಂದಿಗೆ ಸಣ್ಣ ಮರಳು ಗುಡಿಸಿ ತುಂಬಿಸಿ. ಗಾರೆ ಇಲ್ಲದ ಮುರಕಲ್ಲಿನ ಗೋಡೆಗೆ, ಮೀಟರ್ ಬೋರ್ಡ್ ಇರುವ ಗೋಡೆಗೆ ಗನ್ ತೋರಿಸಲೂ ಬೇಡಿ. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ: ಹೊರಗಿನ ಪಾಚಿ ಮಳೆಯದ್ದು, ಬಾಡಿಗೆದಾರರದ್ದಲ್ಲ. ಅದರ ಖರ್ಚನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವ ಮಾಲೀಕರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕರಾವಳಿಮನೆ:
ಹೋದವರ ಅಡ್ವಾನ್ಸ್ ಪೂರ್ತಿ ಕೊಟ್ಟಾಗಿದೆ. ತಿಳಿ ಸುರಿದು ಉಜ್ಜಿದ ಮೇಲೆ ಮೆಟ್ಟಿಲಿನ ಸಿಮೆಂಟ್ ಬಣ್ಣ ಕಾಣಿಸಿತು, ಧನ್ಯವಾದ. ಶಿವಮೊಗ್ಗದವರೇ, ಇದೇ ಬಗೆಯ ಇನ್ನೊಂದು ಬ್ಯಾಟರಿ ಕೊಳ್ಳಲೇ, ದೊಡ್ಡದು ಕೊಳ್ಳಲೇ?

ಸ್ಪ್ಯಾನರ್ ಶಿವಮೊಗ್ಗ:
ಎರಡು ಸಾಲಿನದು, ಅಂದರೆ ಹತ್ತು ಸೆಲ್ಲಿನದು ಕೊಳ್ಳಿ. ಹೊರೆ ಎರಡು ಸಾಲಿಗೂ ಹಂಚಿಹೋಗುತ್ತದೆ, ಅಷ್ಟು ಬಿಸಿಯಾಗುವುದಿಲ್ಲ. ಅಂಗಡಿಯಲ್ಲೇ ತೂಕ ಹಾಕಿಸಿ. ಸೆಲ್‌ಗಳೇ 450 ಗ್ರಾಂ ಆಗುವಾಗ ಇಡೀ ಬ್ಯಾಟರಿ ಅರ್ಧ ಕಿಲೋಗಿಂತ ಕಡಿಮೆ ತೂಗಿದರೆ ಅಲ್ಲೇ ಬಿಟ್ಟು ಬನ್ನಿ. ನಿಮ್ಮ ಗನ್ನಿನ ಹಳಿಗೆ ಕೂರುತ್ತದೆಯೇ ಎಂದು ಗನ್ ತೆಗೆದುಕೊಂಡು ಹೋಗಿಯೇ ನೋಡಿ.