ಹೆಣ ಸೆಟೆದಿರುವುದು ನೋಡಿ ಸಾವಿನ ಹೊತ್ತು ಹೇಳಬಹುದೇ?

ಪ್ರಶ್ನೆ: ಸತ್ತ ಮೇಲೆ ಮೈ ಸೆಟೆದು, ಮತ್ತೆ ಸಡಿಲವಾಗುವುದೇಕೆ? ಬೆನ್ನಿನ ನೇರಳೆ ಕಲೆ ಪೆಟ್ಟಿನ ಗುರುತೇ?

ಉತ್ತರ 1: ಸ್ನಾಯು ಬಿಗಿಯಲು ಮಾತ್ರವಲ್ಲ, ಸಡಿಲಗೊಳ್ಳಲೂ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ರಾಸಾಯನಿಕ) ಬೇಕು. ಅದು ಮುಗಿದಾಗ ಸ್ನಾಯುವಿನ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಕಚ್ಚಿಕೊಂಡೇ ಉಳಿಯುತ್ತವೆ. ಸತ್ತು ಸುಮಾರು 2 ಗಂಟೆಯಾದಾಗ ರೆಪ್ಪೆ, ದವಡೆಯಲ್ಲಿ ಮೊದಲು ಬಿಗಿ ಗೊತ್ತಾಗುತ್ತದೆ. 12 ಗಂಟೆಯ ಹೊತ್ತಿಗೆ ಇಡೀ ಮೈ ಹಲಗೆ. ಆಮೇಲೆ ಪ್ರೋಟೀನುಗಳೇ ಒಡೆದು, ಬಂದ ಕ್ರಮದಲ್ಲೇ ಬಿಗಿ ಇಳಿಯುತ್ತದೆ. ಸೆಕೆಯಿದ್ದರೆ, ಸಾವಿಗೆ ಮುನ್ನ ಜ್ವರ ಅಥವಾ ಫಿಟ್ಸ್ ಇದ್ದರೆ ಎಲ್ಲವೂ ಬೇಗ, ಚಳಿಯಲ್ಲಿ ತಡ. ಆದ್ದರಿಂದ ಇದೊಂದನ್ನೇ ನಂಬಿ ಹೊತ್ತು ಹೇಳುವುದು ತಪ್ಪು. ಇನ್ನೊಂದು: ಪೂರ್ತಿ ಸೆಟೆದ ಕೈಯನ್ನು ಬಲವಂತವಾಗಿ ಮಡಿಸಿದರೆ ಆ ಬಿಗಿ ಮರಳುವುದಿಲ್ಲ. ಸಾಗಿಸುವಾಗ ಹಾಗೆ ಮಾಡಿದ್ದನ್ನು ಬರೆದಿಡದಿದ್ದರೆ ಪರೀಕ್ಷಿಸುವವರ ಲೆಕ್ಕವೇ ಕೆಡುತ್ತದೆ.

ಉತ್ತರ 2: ಕಲೆ ಬಹುಪಾಲು ಪೆಟ್ಟಲ್ಲ, ರಕ್ತ ತಗ್ಗಿಗೆ ಇಳಿದು ನಿಂತದ್ದು. ಹೆಬ್ಬೆರಳಿನಿಂದ ಒತ್ತಿ: ಮೊದಲ ಕೆಲವು ಗಂಟೆ ಬಿಳಚುತ್ತದೆ, 8–12 ಗಂಟೆಯ ನಂತರ ಸಾಮಾನ್ಯವಾಗಿ ಬಿಳಚುವುದಿಲ್ಲ. ನೆಲಕ್ಕೆ ಒತ್ತಿದ ಹೆಗಲು, ಪೃಷ್ಠ ಬೆಳ್ಳಗೇ ಇರುತ್ತವೆ. ಅಂಗಾತ ಮಲಗಿದ ಹೆಣದ ಎದೆಯಲ್ಲಿ ಕಲೆ ಕೂತಿದ್ದರೆ, ಆಮೇಲೆ ಹೊರಳಿಸಿದ್ದಾರೆ ಎಂದರ್ಥ. ಅನುಮಾನವಿದ್ದರೆ ಕೊಯ್ದು ನೋಡಬೇಕು. ಪೆಟ್ಟಿನ ರಕ್ತ ಮಾಂಸದೊಳಗೆ ಇಂಗಿರುತ್ತದೆ, ತೊಳೆದರೂ ಹೋಗದು.

ಉತ್ತರ 3: ಇದರ ಜೊತೆಗೇ ಕೇಳಿಬರುವ ಮಾತು, ಸತ್ತ ಮೇಲೂ ಉಗುರು, ಕೂದಲು ಬೆಳೆಯುತ್ತವೆ ಎಂಬುದು ಸುಳ್ಳು. ಚರ್ಮ ಒಣಗಿ ಹಿಂದೆ ಸರಿದಾಗ ಉದ್ದವಾದಂತೆ ಕಾಣುತ್ತದೆ, ಅಷ್ಟೇ.