ಕ್ಯಾನ್ಸಸ್ ಬಯಲಿಗೆ ಹೋಗೋದಾ? ಮೊದಲು ಯಾವ ಕೌಂಟಿ ಅಂತ ನೋಡಿ

ಪಶ್ಚಿಮ ಕ್ಯಾನ್ಸಸ್‌ನಲ್ಲಿ ಕೆಲಸ ಸಿಕ್ಕಿದೆ, ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. "ಅಲ್ಲೇನಿದೆ, ಬರೀ ಜೋಳದ ಹೊಲ" ಅಂತ ಆಗಲೇ ಇಬ್ಬರು ಹೇಳಿಯೂ ಆಯಿತು. ನಾವು ಗಾರ್ಡನ್ ಸಿಟಿಯಲ್ಲಿ ನಾಲ್ಕು ವರ್ಷ ಇದ್ದವರು. ನಮ್ಮ ಯಜಮಾನರು ಡಾಕ್ಟರು. ಅಮೆರಿಕದಲ್ಲಿ ಜೆ-1 ಅನ್ನುವ ವಿನಿಮಯ ವೀಸಾದಲ್ಲಿ ರೆಸಿಡೆನ್ಸಿ (ಡಾಕ್ಟರುಗಳ ಆಸ್ಪತ್ರೆ ತರಬೇತಿ) ಮಾಡಿದವರು ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ಇಲ್ಲವೇ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ದುಡಿಯಬೇಕು. ನಮ್ಮನ್ನು ಅಲ್ಲಿಗೆ ಕಳಿಸಿದ್ದು ಆ ನಿಯಮ. ಬಯಲಿನ ಮೇಲಿನ ಪ್ರೀತಿ ಏನಲ್ಲ!

ಗಾರ್ಡನ್ ಸಿಟಿ ಇರೋದು ಫಿನ್ನೀ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ವಿಸ್ತೀರ್ಣ ಸುಮಾರು 3,370 ಚದರ ಕಿಲೋಮೀಟರ್. ನಮ್ಮ ಗದಗ ಜಿಲ್ಲೆಯ ಮುಕ್ಕಾಲು ಪಾಲು ಅಂದುಕೊಳ್ಳಿ. ಗದಗದಲ್ಲಿ 2011ರಲ್ಲೇ ಹತ್ತು ಲಕ್ಷ ದಾಟಿದ ಜನ. ಫಿನ್ನೀಯಲ್ಲಿ 2020ರ ಗಣತಿಯಂತೆ 38,470. ಅದರಲ್ಲೂ 28 ಸಾವಿರ ಜನ ಗಾರ್ಡನ್ ಸಿಟಿ ಒಂದರಲ್ಲೇ. ಉಳಿದದ್ದು ಹಾಲ್ಕಮ್ ಅನ್ನುವ ಚಿಕ್ಕ ಊರು, ಹೊಲ, ಫೀಡ್‌ಲಾಟ್ (ಮಾಂಸಕ್ಕಾಗಿ ದನ ಕೂಡಿಹಾಕಿ ಮೇಯಿಸುವ ಜಾಗ). ಇದೇ ಖಾಲಿ ಅನ್ನಿಸಿದರೆ ಗ್ರೀಲೀ ಕೌಂಟಿ ನೋಡಿ. ಒಂದೂವರೆ ಗಂಟೆ ದೂರ. 2,000 ಚದರ ಕಿಲೋಮೀಟರ್‌ನಲ್ಲಿ 1,284 ಜನ! ಗಡಿಯಾರವೂ ಬೇರೆ, ಅದು ಮೌಂಟನ್ ಟೈಮ್, ಗಾರ್ಡನ್ ಸಿಟಿಗಿಂತ ಒಂದು ಗಂಟೆ ಹಿಂದೆ. ಅಲ್ಲಿ ನಿಮ್ಮ ಮಗುವಿನ ತರಗತಿಗೆ ಎಷ್ಟು ಮಕ್ಕಳು ಬಂದಾರು, ನೀವೇ ಲೆಕ್ಕ ಹಾಕಿ. ಎರಡೂ ಪಶ್ಚಿಮ ಕ್ಯಾನ್ಸಸ್ಸೇ. ಮಕ್ಕಳ ಪಾಲಿಗೆ ಮಾತ್ರ ಎರಡು ಬೇರೆ ಲೋಕ.

ಫಿನ್ನೀ ಹೀಗಾಗಲು ಕಾರಣ ದನದ ಮಾಂಸ. 1980ರ ಕೊನೆಗೆ ಹಾಲ್ಕಮ್ ಹತ್ತಿರ ಭಾರಿ ದೊಡ್ಡ ಮಾಂಸದ ಕಾರ್ಖಾನೆ ಶುರುವಾಯಿತು. ಆಗ ಕೌಂಟಿಯಲ್ಲಿ 23,825 ಜನ, ಹತ್ತೇ ವರ್ಷದಲ್ಲಿ 33,070. ಮೊದಲು ಬಂದವರಲ್ಲಿ ವಿಯೆಟ್ನಾಂ ನಿರಾಶ್ರಿತರು, ಜೊತೆಗೆ ಮೆಕ್ಸಿಕೋದವರು. ಆಮೇಲೆ ಸೊಮಾಲಿಯಾ, ಬರ್ಮಾದವರು. ಈಗ ಊರಿನ ಸುಮಾರು ಅರ್ಧದಷ್ಟು ಜನ ಹಿಸ್ಪಾನಿಕ್, ಅಂದರೆ ಮೆಕ್ಸಿಕೋದಂಥ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು. 2000ದ ಕ್ರಿಸ್ಮಸ್ ರಾತ್ರಿ ಇನ್ನೊಂದು ಕಾರ್ಖಾನೆಗೆ ಬೆಂಕಿ ಬಿತ್ತು, ಅದು ಮತ್ತೆ ತೆರೆಯಲಿಲ್ಲ. ಮುಂದಿನ ಗಣತಿಯಲ್ಲಿ ಜನ ಕಡಿಮೆ. ನಾವು ಸಸ್ಯಾಹಾರಿಗಳು. ಆದರೂ ಆ ಊರಿನಲ್ಲಿ ನಮ್ಮ ಮನೆಯ ಅನ್ನವೂ ಒಂದು ರೀತಿ ಅದೇ ಕಾರ್ಖಾನೆಯದು ಅಂತ ಒಪ್ಪಿಕೊಳ್ಳಬೇಕು. ಗಾಳಿ ತಿರುಗಿದ ದಿನ ಫೀಡ್‌ಲಾಟ್ ವಾಸನೆ ಮನೆಯೊಳಗೇ ಬರುತ್ತದೆ. ಊರಿನವರು ಅದನ್ನು ದುಡ್ಡಿನ ವಾಸನೆ ಅಂತಾರೆ. ನನಗೆ ನಾಲ್ಕು ವರ್ಷವಾದರೂ ಒಗ್ಗಲಿಲ್ಲ.

ನೆಲ ಅಂತೂ ರೊಟ್ಟಿ ತಟ್ಟಿದ ಹಾಗೆ. ಆದರೆ ಊರು ಸುಮಾರು 2,800 ಅಡಿ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನಷ್ಟು. ಏರು ಎಷ್ಟು ನಿಧಾನ ಅಂದರೆ ಕಾರಿನಲ್ಲಿ ಗೊತ್ತೇ ಆಗುವುದಿಲ್ಲ. ವರ್ಷಕ್ಕೆ 19 ಇಂಚಿನ ಆಸುಪಾಸು ಮಳೆ. ಊರ ಪಕ್ಕದ ಆರ್ಕ್ಯಾನ್ಸಸ್ ನದಿಯಲ್ಲಿ (ಕ್ಯಾನ್ಸಸ್‌ನಲ್ಲಿ ಹಾಗೇ ಅನ್ನಬೇಕು, ಆರ್ಕನ್ಸಾ ಅಂದರೆ ತಿದ್ದುತ್ತಾರೆ) ಬಹುಪಾಲು ಬರೀ ಮರಳು. ಮೇಲಿನ ಕೊಲರಾಡೊದವರೂ ನೀರು ಎತ್ತುತ್ತಾರೆ, ಇಲ್ಲಿಯ ಬೋರುಗಳೂ ಹೀರುತ್ತವೆ. ವಿಮಾನದಿಂದ ಹಸಿರು ವೃತ್ತಗಳಂತೆ ಕಾಣುವ ನೀರಾವರಿ ಹೊಲಗಳಿಗೆಲ್ಲ ಒಗಲ್ಲಾಲ ಅನ್ನುವ ಅಂತರ್ಜಲವೇ ಗತಿ. ಅದೂ ವರ್ಷ ವರ್ಷ ಇಳಿಯುತ್ತಿದೆ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅಂದಹಾಗೆ, ಜೋಳದ ಹೊಲ ಅಂದವರಿಗೆ: ಅದರಲ್ಲಿ ಗೋವಿನಜೋಳ ಅಷ್ಟೇ ಅಲ್ಲ, ನಿಜವಾದ ಜೋಳವೂ ಇದೆ. ಅಮೆರಿಕದಲ್ಲಿ ಜೋಳ ಅತಿ ಹೆಚ್ಚು ಬೆಳೆಯುವ ರಾಜ್ಯವೇ ಕ್ಯಾನ್ಸಸ್. ಅಲ್ಲಿ ಮೈಲೋ ಅಂತಾರೆ. ಗಿಡ್ಡ ಗಿಡ, ಕೆಂಪು ತೆನೆ. ನಮ್ಮ ಮಾವನವರು ಬಂದಾಗ ಕಾರು ನಿಲ್ಲಿಸಿ ಇಳಿದು ತೆನೆ ಮುಟ್ಟಿ ನೋಡಿದರು. ದನಕ್ಕೆ ಹಾಕುತ್ತಾರೆ ಅಂದಾಗ ಅವರಿಗೆ ಸಿಟ್ಟೇ ಬಂತು. ನಮ್ಮ ಜೊತೆ ಇದ್ದ ಮೂರು ತಿಂಗಳು ಅವರಿಗೆ ಮಾತಿಗೆ ಜನವೇ ಇರಲಿಲ್ಲ. ಅತ್ತೆ, ಮಾವನನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಈಗ ಮಕ್ಕಳ ವಿಷಯ. ಮೊದಲು ಶಿಕಾಗೋ ಹೊರವಲಯದಲ್ಲಿ ಇದ್ದಾಗ ಮಗಳು ಉಪ್ಪಿಟ್ಟಿನ ಡಬ್ಬಿ ಮುಚ್ಚಳ ತೆಗೆಯದೇ ವಾಪಸ್ ತರುತ್ತಿದ್ದಳು. ಗಾರ್ಡನ್ ಸಿಟಿಯಲ್ಲಿ ಅವಳ ಪಕ್ಕದವಳು ತಮಾಲೆ ಅನ್ನುವ ಮೆಕ್ಸಿಕೋದ ತಿಂಡಿ ತರುತ್ತಿದ್ದಳು, ಎದುರಿನವಳು ಸೊಮಾಲಿ ಹುಡುಗಿ. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಅನ್ನೋದು ಅಲ್ಲಿ ಮಾಮೂಲಿ. ಅಂಗಡಿಯಲ್ಲಿ ನಾನು ಕನ್ನಡದಲ್ಲಿ ಜೋರಾಗಿ ಕರೆದರೂ ಅವಳು ನಾಚಲಿಲ್ಲ. ಕನ್ನಡ ಸಂಘ ಇಲ್ಲ, ರಾಜ್ಯೋತ್ಸವ ಇಲ್ಲ, ಆದರೂ ಮಕ್ಕಳು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಈಗ ಡಲ್ಲಾಸ್‌ನಲ್ಲಿದ್ದೇವೆ. ಸಂಘ ಇದೆ, ಕನ್ನಡ ತರಗತಿ ಇದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ!

ಕಷ್ಟವೂ ಸುಮ್ನೆ ಅಲ್ಲ. ದೊಡ್ಡ ಊರು ಅಂದರೆ ಕಾರಿನಲ್ಲಿ ವಿಚಿಟಾ ಮೂರೂವರೆ ಗಂಟೆ, ಡೆನ್ವರ್ ಐದು ಗಂಟೆ. ಮಗನ ಕಿವಿ ತೊಂದರೆಗೆ ತಜ್ಞರನ್ನು ನೋಡಲು ಪ್ರತಿ ಸಲ ಒಂದು ಇಡೀ ದಿನ ಹೋಗುತ್ತಿತ್ತು. ನಮ್ಮ ಯಜಮಾನರೇ ಡಾಕ್ಟರಾದರೂ ಅಷ್ಟೇ.

ಸಂದರ್ಶನಕ್ಕೆ ಕರೆದರೆ ಫೆಬ್ರವರಿಯಲ್ಲಿ ಹೋಗಿ, ಗಾಳಿ ಇರುವಾಗ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಅದಕ್ಕೂ ಮೊದಲು, ಆಫರ್ ಪತ್ರದಲ್ಲಿ ಯಾವ ಕೌಂಟಿ ಇದೆ ಅಂತ ಇಲ್ಲಿ ಬರೆಯಿರಿ. ನೀವು ಅದನ್ನೇ ಹೇಳಿಲ್ಲ ಅಲ್ವಾ?