ಪದಚರ್ಚೆ: ‘ಕೃಪೆಗೆ ಪಾತ್ರ’ ಅಂದರೆ ಯೋಗ್ಯನೋ, ಬರೀ ಪಾತ್ರೆಯೋ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕಾಸರಗೋಡಿನ ಬೇಳದ ಕಡೆಯ ಸ್ನೇಹಿತರೊಬ್ಬರು ಕಳೆದ ವಾರ ನಾಲ್ಕು ಹಾಳೆ ತಂದುಕೊಟ್ಟರು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ. ಚರ್ಚಿನಲ್ಲಿ ಮಕ್ಕಳಿಗೆ ಹೇಳಿಕೊಡಲು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪಾಠ ಅದು. ‘ಮಾಷ್ಟ್ರೇ, ಕನ್ನಡ ಸರಿ ಉಂಟಾ ನೋಡಿ, ದೇವರ ವಿಷಯ ನಾನು ನೋಡಿಕೊಳ್ತೇನೆ’ ಅಂದರು. ಕನ್ನಡ ತಿದ್ದಲು ಕೂತರೆ ದೇವರ ವಿಷಯವೇ ಅಡ್ಡ ಬಂತು.

ಪಾಠದ ಮುಖ್ಯ ಮಾತು ಇಷ್ಟೆ: ಗ್ರೇಸ್ ಅನ್ನುವುದು ನಮ್ಮ ಒಳ್ಳೆತನಕ್ಕೆ ಸಿಗುವ ಬಹುಮಾನ ಅಲ್ಲ. ಅದಕ್ಕೆ ಅವರು ‘ಕೃಪೆ’ ಎಂದು ಬರೆದಿದ್ದರು. ಕನ್ನಡ ಬೈಬಲಿನಲ್ಲೂ ಅದೇ ಪದ, ಕೊಂಕಣಿಯ ‘ಕುರ್ಪಾ’ ಕೂಡ ಅದರದ್ದೇ ರೂಪ. ತಕರಾರಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಮಕ್ಕಳಿಗೆ ತಿಳಿಯಲಿ ಅಂತ ‘ಗ್ರೇಸ್ ಮಾರ್ಕ್ ಇದ್ದ ಹಾಗೆ’ ಎಂದು ಸೇರಿಸಿದ್ದರು. ಅಲ್ಲಿ ಪೆನ್ನು ನಿಂತಿತು.

ನಮ್ಮ ಕಾಸರಗೋಡಿನ ಮಕ್ಕಳಿಗೆ ಗ್ರೇಸ್ ಮಾರ್ಕ್ ಅಂದರೆ ಏನು? ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿ ಕುಣಿದು, ರಾಜ್ಯಮಟ್ಟದಲ್ಲಿ ಎ ಗ್ರೇಡ್ ತಂದರೆ ಸಿಗುವುದು. ಎನ್‌ಸಿಸಿಯವರಿಗೂ ಕ್ರೀಡೆಯವರಿಗೂ ಉಂಟು. ಬೆವರು ಸುರಿಸಿ ಸಂಪಾದಿಸಿದ್ದು! ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ಸ್ವಲ್ಪದರಲ್ಲಿ ಫೇಲಾಗುವವರನ್ನು ದಾಟಿಸುವ ಅಂಕ ಅದು. ಪೇಪರಿನವರು ‘ಕೃಪಾಂಕ’ ಅನ್ನುತ್ತಾರೆ, ಚಂದದ ಪದ. ಹಾಗಾದರೆ ಕೃಪಾಂಕ ಎಂದು ತಿದ್ದಲೇ ಅಂದರೆ ಸ್ನೇಹಿತರು ಒಪ್ಪಲಿಲ್ಲ. ‘ನಾವು 30 ತೆಗೆದ ಮೇಲೆ ದೇವರು 5 ಸೇರಿಸಿ ಪಾಸು ಮಾಡುವುದಲ್ಲ ಮಾಷ್ಟ್ರೇ. ಆ 30 ಕೂಡ ಅವನು ಕೊಟ್ಟದ್ದೇ.’ ಮೊದಲ ಹೆಜ್ಜೆ ಮನುಷ್ಯನದು, ಆಮೇಲೆ ದೇವರ ಸಹಾಯ ಎಂಬ ವಾದವನ್ನು 529ರಲ್ಲೇ ಫ್ರಾನ್ಸಿನ ಒರಾಂಜ್‌ನಲ್ಲಿ ಸೇರಿದ ಧರ್ಮಸಭೆ ತಳ್ಳಿಹಾಕಿತ್ತಂತೆ. ಆಮೇಲೆ ನೋಡಿದೆ, ಹೌದು.

ನನ್ನ ನಿಜವಾದ ತೊಡಕು ಇದಲ್ಲ. ಪಾಠದ ಕೊನೆಗೆ ‘ದೇವರ ಕೃಪೆಗೆ ಪಾತ್ರರಾಗೋಣ’ ಎಂದಿದೆ. ನಮ್ಮ ಜಾತ್ರೆಯ ಆಮಂತ್ರಣಗಳಲ್ಲೆಲ್ಲ ಇರುವ ಮಾತೇ. ಆದರೆ ‘ಪಾತ್ರ’ ಅಂದರೆ ಯೋಗ್ಯ, ಅರ್ಹ ಅಂತಲ್ವಾ? ಅರ್ಹತೆ ಇದ್ದವನಿಗೆ ಸಿಗುವುದಾದರೆ ಅದು ಕೃಪೆ ಹೇಗಾಯಿತು? ಕೆಲಸ ಮಾಡಿದವನಿಗೆ ಕೊಡುವುದು ಕೂಲಿ, ಕೃಪೆಯಲ್ಲ ಎಂದು ಬೈಬಲಿನಲ್ಲಿ ಪೌಲನೇ ರೋಮಿನವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಪಾತ್ರ ಅಂದರೆ ಪಾತ್ರೆ ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ. ಬರಿದಾಗಿದ್ದರೆ ತುಂಬುತ್ತದೆ, ಅಷ್ಟೆ. ಆದರೆ ಓದುವವರಿಗೆ ಈ ಅರ್ಥ ಹೊಳೆಯುತ್ತದಾ?

ತಮಾಷೆ ಅಂದರೆ, ಸ್ನೇಹಿತರು ಹೇಳುವ ವಿಷಯಕ್ಕೆ ಸರಿಯಾದ ಪದ ನಮ್ಮಲ್ಲಿ ಇದೆ: ಅಪಾತ್ರದಾನ. ಯೋಗ್ಯನಲ್ಲದವನಿಗೆ ಕೊಡುವುದು. ಆದರೆ ನಾವು ಅದನ್ನು ಬೈಯಲು ಮಾತ್ರ ಬಳಸುತ್ತೇವೆ. ಇದನ್ನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ‘ಅದೇ, ಅದೇ. ಆದರೆ ಬರೆದರೆ ಫಾದರ್ ಕೇಳ್ತಾರೆ’ ಅಂತ ನಕ್ಕರು.

‘ಹಾಗಾದರೆ ಮಕ್ಕಳು ಒಳ್ಳೆಯವರಾಗುವುದೇ ಬೇಡವಾ?’ ಅಂತ ನಾನೂ ಕೇಳಿದೆ. ಬೈಬಲಿನಲ್ಲೇ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆದು ತೋರಿಸಿದರು. ವ್ಯಾಕರಣ ಕಲಿಸುವವನಿಗೆ ಖುಷಿಯಾಗುವ ಜಾಗ ಅದು. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಒಳ್ಳೆಯ ಕೆಲಸಗಳಿಂದ ಅಲ್ಲ, ಒಳ್ಳೆಯ ಕೆಲಸಗಳಿಗಾಗಿ. ವ್ಯತ್ಯಾಸವೆಲ್ಲ ವಿಭಕ್ತಿಯಲ್ಲೇ ಇದೆ.

ಇನ್ನೊಂದು ದಾರಿ ಕರಾವಳಿಯ ಮಾತಿನಲ್ಲಿದೆ. ದುಡ್ಡಿಲ್ಲದೆ ಸಿಕ್ಕಿದ್ದಕ್ಕೆ ನಾವು ‘ಧರ್ಮಕ್ಕೆ ಸಿಕ್ಕಿತು’ ಅನ್ನುತ್ತೇವೆ. ನಡತೆಯ ಧರ್ಮವೂ ಅದೇ ಪದ, ಪುಕ್ಕಟೆಯೂ ಅದೇ! ‘ಉಚಿತ’ದ್ದೂ ಇದೇ ಕಥೆ. ತಕ್ಕದ್ದು ಎಂಬ ಅರ್ಥವೂ ಇದೆ, ಬಿಟ್ಟಿ ಎಂಬ ಅರ್ಥವೂ ಇದೆ. ಇವು ಹೀಗೆ ಎರಡು ಕಡೆಗೆ ಹೇಗೆ ಹೊರಳಿದವು? ಘಟ್ಟದ ಮೇಲಿನವರಿಗೆ ‘ಧರ್ಮಕ್ಕೆ’ ಅಂದರೆ ತಿಳಿಯುತ್ತದಾ? ‘ಕೃಪೆಗೆ ಪಾತ್ರ’ಕ್ಕೆ ಅರ್ಹತೆಯ ವಾಸನೆ ಇಲ್ಲದ ಬದಲಿ ಮಾತು ಯಾರಿಗಾದರೂ ಗೊತ್ತಾ?

ಸದ್ಯಕ್ಕೆ ಗ್ರೇಸ್ ಮಾರ್ಕಿನ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಧರ್ಮಕ್ಕೆ ಸಿಗುವುದು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಭಾನುವಾರ ಪಾಠ. ಶನಿವಾರದೊಳಗೆ ಹೇಳಿದರೆ ಪೆನ್ನಿನಲ್ಲಿ ಬರೆಯಬಹುದು.